ವಾಹನ ವಿಚಾರ: ಪೆಡಲಿನ ಅರ್ಧ ಅಂಗುಲ

ಹಳೆಯ ಮೋಟಾರು ಗಾಡಿಗಳನ್ನು ಮನೆಯ ಮಕ್ಕಳಂತೆ ಸಾಕಿಕೊಂಡಿರುವವರು ನಮ್ಮ ವಾಚಕರಲ್ಲಿ ಇನ್ನೂ ಅನೇಕರಿದ್ದಾರೆ. ಅಂಬಾಸಡರ್ ಗಾಡಿಯ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಆದರೂ ಅದು ಇಂದಿಗೂ ಅಲ್ಲಲ್ಲಿ ಗಾಂಭೀರ್ಯದಿಂದ ಓಡಾಡುತ್ತಿದೆ. ಇಂತಹ ಗಾಡಿಗಳ ಒಡೆಯರು ಎಂಜಿನ್ನಿನ ಎಣ್ಣೆಯನ್ನು ತಪ್ಪದೆ ನೋಡುತ್ತಾರೆ, ಬ್ಯಾಟರಿಗೆ ನೀರೆರೆಯುತ್ತಾರೆ, ಭಾನುವಾರ ಬಂತೆಂದರೆ ಬಣ್ಣಕ್ಕೆ ಹೊಳಪು ಕೊಡುತ್ತಾರೆ. ಆದರೆ ಎಡಗಾಲಿನ ಕೆಳಗಿರುವ ಕ್ಲಚ್ ಪೆಡಲು ಕೆಲಸಕ್ಕೆ ತೊಡಗುವ ಮುನ್ನ ಎಷ್ಟು ದೂರ ಸುಮ್ಮನೆ ಚಲಿಸುತ್ತದೆ ಎಂಬುದನ್ನು ಅಳತೆಪಟ್ಟಿ ಹಿಡಿದು ನೋಡಿದವರು ಎಷ್ಟು ಮಂದಿ? ಬಹಳ ವಿರಳವೆಂದೇ ಹೇಳಬೇಕು. ಆ ಸಣ್ಣ ಅಳತೆಯನ್ನು ಅಲಕ್ಷಿಸಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಮಿತ್ರರೊಬ್ಬರ ಅನುಭವವನ್ನು ಮೊದಲು ಹೇಳುತ್ತೇನೆ.

ಅವರು ನಿವೃತ್ತ ಉಪಾಧ್ಯಾಯರು. ಅವರ ಬಳಿ ಇರುವುದು ಒಂದು ಫೋಕ್ಸ್‌ವ್ಯಾಗನ್ ಬೀಟಲ್. ಹೆಸರಿಗೆ ತಕ್ಕಂತೆ ಜೀರುಂಡೆಯ ಆಕಾರದ, ಎಂಜಿನ್ನನ್ನು ಬೆನ್ನಿಗೆ ಕಟ್ಟಿಕೊಂಡ ಗಾಡಿ. ಮೂವರು ಒಡೆಯರ ಕೈ ದಾಟಿ ಇವರ ಪಾಲಿಗೆ ಬಂದದ್ದು. ಕ್ಲಚ್ ಪೆಡಲನ್ನು ಒತ್ತಿದಾಗ ಮೊದಲ ಅರ್ಧ ಅಂಗುಲ ಯಾವ ಬಿಗಿಯೂ ಇಲ್ಲದೆ ಹೋಗುತ್ತದೆ ಎಂಬುದು ಅವರ ಮನಸ್ಸಿಗೆ ಮುಳ್ಳಾಗಿತ್ತು. ಶಿಸ್ತಿನ ಮನುಷ್ಯರಲ್ಲವೇ? ಸಡಿಲವೆಂದರೆ ದೋಷವೆಂದೇ ಅವರ ಭಾವನೆ. ದಾರಿಬದಿಯ ಒಬ್ಬ ತರುಣ ಮೆಕ್ಯಾನಿಕನಿಗೆ ಹೇಳಿದರು. ಅವನು ಐದೇ ನಿಮಿಷದಲ್ಲಿ ಕೇಬಲ್ಲನ್ನು ಬಿಗಿದು ಸಡಿಲವನ್ನು ಪೂರ್ತಿ ತೆಗೆದುಬಿಟ್ಟನು. ಕಾಲಿಟ್ಟ ಕ್ಷಣದಲ್ಲಿಯೇ ಪೆಡಲು ಗಟ್ಟಿಯಾಗಿ ಎದುರುಗೊಳ್ಳುತ್ತಿತ್ತು. ಮಿತ್ರರು ಪರಮಾನಂದಗೊಂಡು, ಕೇಳಿದ್ದಕ್ಕಿಂತ ಹೆಚ್ಚೇ ಹಣ ಕೊಟ್ಟು ಬಂದರು.

ಎರಡು ತಿಂಗಳ ಬಳಿಕ ಪತ್ನಿಯೊಡನೆ ಮೈಸೂರಿನಿಂದ ಮಡಿಕೇರಿಗೆ ಹೊರಟರು. ಕುಶಾಲನಗರದವರೆಗೆ ಗಾಡಿ ಸುಖವಾಗಿಯೇ ಓಡಿತು. ಸುಂಟಿಕೊಪ್ಪ ದಾಟಿ ಏರು ಬಲವಾದಾಗ ವಿಚಿತ್ರವೊಂದು ಆರಂಭವಾಯಿತು. ಆಕ್ಸಿಲರೇಟರನ್ನು ತುಳಿದರೆ ಎಂಜಿನ್ನು ಗರ್ಜಿಸುತ್ತದೆ, ಗಾಡಿ ಮಾತ್ರ ತೆವಳುತ್ತದೆ. ಒಂದು ತಿರುವಿನಲ್ಲಿ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಹಿಂದಿನಿಂದ ಬರುತ್ತಿದ್ದ ಲಾರಿಯವನು ಹಾರ್ನು ಬಾರಿಸುತ್ತಲೇ ಇದ್ದನು. ಕೊನೆಗೆ ಗಾಡಿ ಏರಿನ ನಡುವೆ ನಿಂತೇಬಿಟ್ಟಿತು. ಆ ಅಮ್ಮ ಕೆಳಗಿಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುವವರೆಗೆ ಉಪಾಧ್ಯಾಯರು ಎರಡು ಕೈಗಳಿಂದಲೂ ಹ್ಯಾಂಡ್‌ಬ್ರೇಕನ್ನು ಎಳೆದು ಹಿಡಿದು ಕುಳಿತಿದ್ದರಂತೆ. ಲಾರಿಯವನು ಸಮಯಕ್ಕೆ ನಿಲ್ಲಿಸಿದ್ದು ಅವರ ಪುಣ್ಯ. ಬೀಟಲ್ ಗಾಡಿಯಲ್ಲಿ ಕ್ಲಚ್ಚಿನ ತಟ್ಟೆಯನ್ನು ಬದಲಿಸಬೇಕಾದರೆ ಎಂಜಿನ್ನನ್ನೇ ಹೊರತೆಗೆಯಬೇಕು. ಐದು ನಿಮಿಷದ ಉಪಕಾರ ಹೀಗೆ ದೊಡ್ಡ ಖರ್ಚಿಗೂ, ಅದಕ್ಕಿಂತ ದೊಡ್ಡ ಭಯಕ್ಕೂ ದಾರಿಯಾಯಿತು.

ತಪ್ಪು ಯಾರದು? ಮೆಕ್ಯಾನಿಕನದೂ ಹೌದು, ಹೇಳಿದವರದೂ ಹೌದು. ಆದರೆ ಮೂಲ ಕಾರಣ ಒಂದು ತಿಳಿವಳಿಕೆಯ ಅಭಾವ. ಆ ಅರ್ಧ ಅಂಗುಲದ ಸಡಿಲವು ದೋಷವಲ್ಲ. ತಯಾರಿಸಿದವರು ಬೇಕೆಂದೇ ಇಟ್ಟ ಅವಕಾಶ. ನಮ್ಮ ಮಲೆನಾಡಿನ ಬಡಗಿಯು ಬೇಸಗೆಯಲ್ಲಿ ಬಾಗಿಲು ಕೂಡಿಸುವಾಗ ಚೌಕಟ್ಟಿಗೂ ಬಾಗಿಲಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತಾನೆ. ತಿಳಿಯದವರು ಅದನ್ನು ಕಂಡು ಕೆಲಸ ಸರಿಯಿಲ್ಲವೆಂದಾರು. ಆಷಾಢದ ಮಳೆಯಲ್ಲಿ ಮರ ಉಬ್ಬಿದಾಗ ಆ ಸಂದಿನ ಬೆಲೆ ತಿಳಿಯುತ್ತದೆ. ಕ್ಲಚ್ಚಿನ ಸಡಿಲವೂ ಅಂತಹುದೇ.

ಇದನ್ನು ಮನಗಾಣಬೇಕಾದರೆ ಕ್ಲಚ್ಚಿನ ಒಳಗೆ ಏನಿದೆ ಎಂಬುದನ್ನು ಸ್ವಲ್ಪ ತಿಳಿಯಬೇಕು. ಎಂಜಿನ್ನಿನ ತುದಿಯಲ್ಲಿ ಭಾರವಾದ ಒಂದು ಗತಿಚಕ್ರ ಸದಾ ತಿರುಗುತ್ತಿರುತ್ತದೆ. ಅದರ ಎದುರಿಗೆ, ಗೇರುಪೆಟ್ಟಿಗೆಗೆ ಸೇರಿದ ದಂಡದ ಮೇಲೆ, ಕ್ಲಚ್ಚಿನ ತಟ್ಟೆಯಿದೆ. ಈ ತಟ್ಟೆಯ ಎರಡು ಮೈಗಳಿಗೂ ಘರ್ಷಣೆಯ ಪದರಗಳನ್ನು ಹೊದಿಸಿರುತ್ತಾರೆ. ತಟ್ಟೆಯ ಹಿಂದೆ ಒಂದು ಒತ್ತುಫಲಕ. ಅದರ ಹಿಂದೆ ಬಲವಾದ ಸ್ಪ್ರಿಂಗುಗಳು. ಹಳೆಯ ಬೀಟಲ್ಲುಗಳಲ್ಲಿ ಇಂತಹ ಸುರುಳಿ ಸ್ಪ್ರಿಂಗುಗಳು ಆರು. ಅವು ಒತ್ತುಫಲಕವನ್ನು ತಳ್ಳಿ, ತಟ್ಟೆಯನ್ನು ಗತಿಚಕ್ರಕ್ಕೆ ಅಂಟಿಸಿ ಹಿಡಿಯುತ್ತವೆ. ಎರಡು ಅಂಗೈಗಳ ನಡುವೆ ರೊಟ್ಟಿಯನ್ನು ಒತ್ತಿ ಹಿಡಿದಂತೆ ಎನ್ನಬಹುದು. ಹೀಗೆ ಹಿಡಿದಿರುವವರೆಗೆ ಎಂಜಿನ್ನಿನ ಬಲ ಚಕ್ರಗಳಿಗೆ ಹರಿಯುತ್ತದೆ.

ಪೆಡಲನ್ನು ಒತ್ತಿದಾಗ ಆಗುವುದೇನು? ಕೇಬಲ್ಲಿನ ಮೂಲಕವೋ ಸರಳಿನ ಮೂಲಕವೋ ಒಂದು ಸನ್ನೆಕೋಲು ಅಲುಗುತ್ತದೆ. ಅದು ಬಿಡುಗಡೆಯ ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ. ಆ ಬೇರಿಂಗು ತಿರುಗುತ್ತಿರುವ ಒತ್ತುಫಲಕದ ಸಣ್ಣ ಸನ್ನೆಗಳನ್ನು ಒತ್ತುತ್ತದೆ. ಆಗ ಒತ್ತುಫಲಕ ಹಿಂದೆ ಸರಿದು ತಟ್ಟೆಗೆ ಬಿಡುಗಡೆ ದೊರೆಯುತ್ತದೆ. ಕಾಲು ತೆಗೆದಿರುವಾಗ ಬೇರಿಂಗಿಗೂ ಆ ಸಣ್ಣ ಸನ್ನೆಗಳಿಗೂ ನಡುವೆ ಒಂದೆರಡು ಮಿಲಿಮೀಟರಿನ ಅಂತರವಿರಬೇಕು. ಈ ಅಂತರವೇ ಪೆಡಲಿನ ತುದಿಯಲ್ಲಿ ಹಲವು ಪಟ್ಟು ಹಿಗ್ಗಿ ಅರ್ಧ ಅಂಗುಲದ ಸಡಿಲವಾಗಿ ನಮ್ಮ ಕಾಲಿಗೆ ತಿಳಿಯುತ್ತದೆ. ಅರ್ಥಾತ್, ಪೆಡಲಿನಲ್ಲಿ ಸಡಿಲವಿದೆಯೆಂದರೆ ಒಳಗೆ ಬೇರಿಂಗು ವಿಶ್ರಾಂತಿಯಲ್ಲಿದೆ, ಸ್ಪ್ರಿಂಗುಗಳು ತಮ್ಮ ಪೂರ್ಣ ಬಲದಿಂದ ತಟ್ಟೆಯನ್ನು ಹಿಡಿದಿವೆ ಎಂದು ಅರ್ಥ.

ಇನ್ನು ಅತ್ಯಂತ ಮುಖ್ಯವಾದ, ಆದರೆ ಬಹುಮಂದಿ ತಲೆಕೆಳಗಾಗಿ ತಿಳಿದಿರುವ ಸಂಗತಿಗೆ ಬರೋಣ. ಲೋಕದಲ್ಲಿ ಯಾವ ವಸ್ತುವಾದರೂ ಸವೆದಂತೆಲ್ಲ ಸಡಿಲವಾಗುತ್ತದೆ. ಎತ್ತಿನ ಗಾಡಿಯ ಅಚ್ಚು ಸವೆದರೆ ಚಕ್ರ ಓಲಾಡುತ್ತದೆ. ಬಾಗಿಲಿನ ಕೀಲು ಸವೆದರೆ ಬಾಗಿಲು ಜೋಲುತ್ತದೆ. ಆದರೆ ಕ್ಲಚ್ಚಿನ ತಟ್ಟೆ ಸವೆದರೆ ಪೆಡಲಿನ ಸಡಿಲ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ! ಕಾರಣ ಸರಳವಾದದ್ದು. ಪದರ ತೆಳುವಾದಂತೆ ಒತ್ತುಫಲಕವು ಗತಿಚಕ್ರದ ಕಡೆಗೆ ಇನ್ನಷ್ಟು ಸರಿಯುತ್ತದೆ. ಏತದ ಒಂದು ತುದಿ ತಗ್ಗಿದರೆ ಇನ್ನೊಂದು ತುದಿ ಏಳುವಂತೆ, ಸಣ್ಣ ಸನ್ನೆಗಳ ಒಳತುದಿಗಳು ಬೇರಿಂಗಿನ ಕಡೆಗೆ ಚಾಚಿಕೊಳ್ಳುತ್ತವೆ. ಅಂತರ ಕಿರಿದಾಗುತ್ತ ಹೋಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಸಣ್ಣ ಸನ್ನೆಗಳ ಪ್ರಮಾಣ ಐದಕ್ಕೆ ಒಂದು ಎಂದೂ, ಪೆಡಲಿನಿಂದ ಬೇರಿಂಗಿನವರೆಗಿನ ಪ್ರಮಾಣ ಹತ್ತಕ್ಕೆ ಒಂದು ಎಂದೂ ಇಟ್ಟುಕೊಳ್ಳಿ. ಪೆಡಲಿನಲ್ಲಿ 15 ಮಿಲಿಮೀಟರ್ ಸಡಿಲವಿದ್ದರೆ ಬೇರಿಂಗಿನ ಬಳಿ ಇರುವ ಅಂತರ 1.5 ಮಿಲಿಮೀಟರ್. ತಟ್ಟೆಯ ಪದರ ಒಟ್ಟು 0.3 ಮಿಲಿಮೀಟರ್ ಸವೆದರೆ ಸಾಕು, ಐದು ಪಟ್ಟಾಗಿ ಆ 1.5 ಮಿಲಿಮೀಟರೂ ಮುಗಿದುಹೋಗುತ್ತದೆ. 0.3 ಮಿಲಿಮೀಟರೆಂದರೆ ಎಷ್ಟು? ನಾವು ಬರೆಯುವ ಸಾಧಾರಣ ಕಾಗದದ ಮೂರು ಹಾಳೆಗಳ ದಪ್ಪ. ಮೂರು ಹಾಳೆಯಷ್ಟು ಸವೆತವು ಪೆಡಲಿನ ಅರ್ಧ ಅಂಗುಲಕ್ಕೂ ಮಿಗಿಲಾದ ಸಡಿಲವನ್ನು ನುಂಗಿಬಿಡುತ್ತದೆ. ಗಾಡಿಯಿಂದ ಗಾಡಿಗೆ ಈ ಪ್ರಮಾಣಗಳು ಬದಲಾದರೂ ತತ್ತ್ವ ಒಂದೇ.

ಸಡಿಲ ಮುಗಿದ ಮೇಲೂ ಓಡಿಸುತ್ತಿದ್ದರೆ, ಬೇರಿಂಗು ಸದಾಕಾಲ ಸನ್ನೆಗಳ ಮೇಲೆ ಒರಗಿರುತ್ತದೆ. ಸ್ಪ್ರಿಂಗುಗಳ ಬಲದ ಒಂದು ಭಾಗವನ್ನು ಅದು ತಾನೇ ಹೊತ್ತುಕೊಳ್ಳುತ್ತದೆ. ತಟ್ಟೆಯ ಮೇಲಿನ ಹಿಡಿತ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಏರಿನಲ್ಲಿ ತಟ್ಟೆ ಜಾರುತ್ತದೆ, ಜಾರಿದರೆ ಬಿಸಿ, ಬಿಸಿಯಾದರೆ ಇನ್ನಷ್ಟು ಸವೆತ, ಸವೆದರೆ ಇನ್ನಷ್ಟು ಜಾರಿಕೆ. ಉಪಾಧ್ಯಾಯರ ಗಾಡಿಯಲ್ಲಿ ನಡೆದದ್ದು ಇದೇ. ಅಂತರವನ್ನು ಶೂನ್ಯಕ್ಕೆ ತಂದ ದಿನವೇ ಅವರ ಕ್ಲಚ್ಚಿಗೆ ಸವೆಯಲು ಜಾಗವಿಲ್ಲದಂತಾಯಿತು.

ಹಾಗಾದರೆ ಎಷ್ಟು ಸಡಿಲವಿರಬೇಕು? ಬೀಟಲ್ ಗಾಡಿಗೆ ನಿಗದಿಯಾದ ಅಳತೆ ಪೆಡಲಿನ ಮೇಲ್ತುದಿಯಲ್ಲಿ 10ರಿಂದ 20 ಮಿಲಿಮೀಟರ್. ಇತರ ಗಾಡಿಗಳಿಗೆ ಆಯಾ ಗಾಡಿಯ ಕೈಪಿಡಿಯೇ ಪ್ರಮಾಣ. ಅಳೆಯುವ ಕ್ರಮವೂ ಸುಲಭ. ಎಂಜಿನ್ನನ್ನು ನಿಲ್ಲಿಸಿ, ಪೆಡಲಿನ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು, ಪೆಡಲನ್ನು ಕೈಯಿಂದ ಒತ್ತಬೇಕು. ಕಾಲಿನಿಂದ ಒತ್ತಬಾರದು, ಬೂಟಿನೊಳಗಿನ ಕಾಲಿಗೆ ಸೂಕ್ಷ್ಮ ತಿಳಿಯದು. ಮೊದಲು ಸಲೀಸಾಗಿ ಹೋಗುವ ಪೆಡಲು ಒಂದು ಹಂತದಲ್ಲಿ ಸ್ಪಷ್ಟವಾದ ಪ್ರತಿಭಟನೆ ತೋರುತ್ತದೆ. ಅಲ್ಲಿಯವರೆಗಿನ ದೂರವೇ ನಮಗೆ ಬೇಕಾದ ಅಳತೆ.

ಬೀಟಲ್ಲಿನಲ್ಲಿ ಇದನ್ನು ಸರಿಪಡಿಸುವ ಸ್ಥಳವು ಹಿಂಬದಿಯಲ್ಲಿ, ಗೇರುಪೆಟ್ಟಿಗೆಯ ಎಡಪಾರ್ಶ್ವದಲ್ಲಿದೆ. ಪೆಡಲಿನಿಂದ ಹೊರಟ ಉಕ್ಕಿನ ಕೇಬಲ್ಲು ಗಾಡಿಯ ನಡುಬೆನ್ನಿನ ಸುರಂಗದೊಳಗೆ ಕೊಳವೆಯಲ್ಲಿ ಸಾಗಿ, ಹಿಂದೆ ಕ್ಲಚ್ಚಿನ ಸನ್ನೆಗೆ ಒಂದು ಚಿಟ್ಟೆನಟ್ಟಿನಿಂದ ಬಿಗಿಯಲ್ಪಟ್ಟಿದೆ. ಎಡಹಿಂದಿನ ಚಕ್ರವನ್ನು ತೆಗೆದರೆ ಕೈಗೆ ಚೆನ್ನಾಗಿ ಎಟಕುತ್ತದೆ. ಕೇಬಲ್ಲಿನ ತುದಿ ತಿರುಚಿಕೊಳ್ಳದಂತೆ ಇಕ್ಕಳದಿಂದ ಹಿಡಿದುಕೊಂಡು ಚಿಟ್ಟೆನಟ್ಟನ್ನು ತಿರುಗಿಸಬೇಕು. ಕೇಬಲ್ಲಿನ ಮೇಲೆ ಒಳಕ್ಕೆ ತಿರುಗಿಸಿದರೆ ಸಡಿಲ ಕಡಿಮೆಯಾಗುತ್ತದೆ. ಹೊರಕ್ಕೆ ತಿರುಗಿಸಿದರೆ ಹೆಚ್ಚುತ್ತದೆ. ನಟ್ಟಿನ ಎರಡು ಕಿವಿಗಳು ಸನ್ನೆಯ ಕುಳಿಗಳಲ್ಲಿ ಸರಿಯಾಗಿ ಕುಳಿತರೆ ಅದು ತಾನಾಗಿ ತಿರುಗಲಾರದು. ಬಳಿಕ ಪೆಡಲನ್ನು ನಾಲ್ಕಾರು ಬಾರಿ ಪೂರ್ತಿ ಒತ್ತಿ ಬಿಟ್ಟು, ಮತ್ತೊಮ್ಮೆ ಅಳೆಯಬೇಕು.

ಇದೇ ಸ್ಥಳದಲ್ಲಿ ಇನ್ನೊಂದು ‘ದೋಷ’ವನ್ನು ಸರಿಪಡಿಸಲು ಹೋಗಿ ಕೆಡಿಸುವವರಿದ್ದಾರೆ. ಸುರಂಗದ ಕೊನೆಗೂ ಗೇರುಪೆಟ್ಟಿಗೆಗೂ ನಡುವೆ ಕೇಬಲ್ಲು ಬಾಗಬಲ್ಲ ಒಂದು ಕೊಳವೆಯಲ್ಲಿ ಹಾಯುತ್ತದೆ. ಈ ಕೊಳವೆ ನೆಟ್ಟಗಿರದೆ ಕೆಳಗೆ ಸ್ವಲ್ಪ ಜೋತಿರಬೇಕು. ಆ ಜೋತು 25ರಿಂದ 45 ಮಿಲಿಮೀಟರ್ ಇರತಕ್ಕದ್ದು. ಆ ಬಾಗಿನಲ್ಲಿ ಕೇಬಲ್ಲಿಗೆ ದೊರೆಯುವ ಅಲ್ಪ ಘರ್ಷಣೆಯೇ ಗಾಡಿ ಹೊರಡುವಾಗ ಕ್ಲಚ್ಚು ನಡುಗದಂತೆ ತಡೆಯುತ್ತದೆ. ಕೊಳವೆಯ ತುದಿಯಲ್ಲಿ ವಾಷರುಗಳನ್ನು ಸೇರಿಸಿ ಅಥವಾ ತೆಗೆದು ಈ ಬಾಗನ್ನು ಹೊಂದಿಸುತ್ತಾರೆ. ಜೋತು ಬದಲಾದರೆ ಪೆಡಲಿನ ಸಡಿಲವೂ ಬದಲಾಗುತ್ತದಾದ್ದರಿಂದ, ಮೊದಲು ಇದನ್ನು ನೋಡಿ ಆಮೇಲೆ ಚಿಟ್ಟೆನಟ್ಟಿಗೆ ಕೈಹಾಕುವುದು ಕ್ರಮ.

ಸಡಿಲ ಬೇಕೆಂದು ಹೇಳಿದೆನೆಂದು ಧಾರಾಳವಾಗಿ ಬಿಡುವುದೂ ಸಲ್ಲದು. ಅತಿಯಾದ ಸಡಿಲದಲ್ಲಿ ಪೆಡಲಿನ ಚಲನೆಯೆಲ್ಲ ವ್ಯರ್ಥವಾಗಿ, ನೆಲಕ್ಕೆ ತಾಗುವಷ್ಟು ಒತ್ತಿದರೂ ತಟ್ಟೆ ಪೂರ್ತಿಯಾಗಿ ಬಿಡುಗಡೆ ಹೊಂದುವುದಿಲ್ಲ. ಗೇರು ಹಾಕುವಾಗ ಹಲ್ಲು ಕಡಿದಂತಹ ಸದ್ದು ಬರುತ್ತದೆ. ಗೇರುಗಳ ಹಲ್ಲುಗಳು ಸವೆಯುತ್ತವೆ. ಪರೀಕ್ಷೆ ಹೀಗೆ: ಎಂಜಿನ್ನನ್ನು ನಿಧಾನಗತಿಯಲ್ಲಿ ಓಡಲು ಬಿಟ್ಟು, ಪೆಡಲನ್ನು ಪೂರ್ತಿ ಒತ್ತಿ, ಕೆಲವು ಕ್ಷಣ ಕಾದು, ಹಿಮ್ಮುಖ ಗೇರನ್ನು ಹಾಕಿ ನೋಡಿ. ಸದ್ದಿಲ್ಲದೆ ಕುಳಿತರೆ ಕ್ಲಚ್ಚು ಬಿಡುತ್ತಿದೆ ಎಂದು ತಿಳಿಯಿರಿ. ಜಾರಿಕೆಯ ಪರೀಕ್ಷೆ ಏರಿನಲ್ಲಿ: ಮೇಲಿನ ಗೇರಿನಲ್ಲಿ ಆಕ್ಸಿಲರೇಟರನ್ನು ಒತ್ತಿದಾಗ ಎಂಜಿನ್ನಿನ ಸದ್ದು ಏರಿದರೂ ಗಾಡಿಯ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆ.

ಸಡಿಲದ ಅಳತೆಯನ್ನು ಪ್ರತಿ ತಿಂಗಳೂ ಬರೆದಿಡುವುದರಿಂದ ಮತ್ತೊಂದು ಪ್ರಯೋಜನವಿದೆ. ಅದು ನಿಧಾನವಾಗಿ ಕಡಿಮೆಯಾಗುತ್ತಿದ್ದರೆ ತಟ್ಟೆ ಸಹಜವಾಗಿ ಸವೆಯುತ್ತಿದೆ. ಸರಿಪಡಿಸಿದ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ಮುಗಿದುಹೋಗುತ್ತಿದ್ದರೆ ತಟ್ಟೆಯ ಆಯುಷ್ಯ ತೀರುತ್ತಿದೆ. ತದ್ವಿರುದ್ಧವಾಗಿ, ಸಡಿಲ ದಿಢೀರನೆ ಹೆಚ್ಚುತ್ತಿದ್ದರೆ ಚಿಟ್ಟೆನಟ್ಟನ್ನು ಬಿಗಿದು ಸುಮ್ಮನಾಗಬೇಡಿ. ಕೇಬಲ್ಲಿನ ಎಳೆಗಳು ಒಂದೊಂದಾಗಿ ತುಂಡಾಗುತ್ತಿರಬಹುದು. ಅಥವಾ ಸುರಂಗದೊಳಗಿನ ಕೊಳವೆಯ ಬೆಸುಗೆ ಬಿಟ್ಟಿರಬಹುದು. ಇಂತಹ ಕೇಬಲ್ಲು ಜನಸಂದಣಿಯ ಪೇಟೆಯ ನಡುವೆಯೇ ಕೈಕೊಡುವುದು ವಾಡಿಕೆ.

ಕೆಲವು ಗಾಡಿಗಳಲ್ಲಿ ಕೇಬಲ್ಲೂ ಇಲ್ಲ, ಚಿಟ್ಟೆನಟ್ಟೂ ಇಲ್ಲ. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಎಂ.ಜಿ.ಬಿ. ಕಾರು ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಪೆಡಲಿನ ಬಲವನ್ನು ಒಯ್ಯುವುದು ಕೊಳವೆಯಲ್ಲಿ ತುಂಬಿದ ದ್ರವ. ತಟ್ಟೆ ಸವೆದಂತೆ ದ್ರವವೇ ಹಿಂದೆ ಸರಿದು ಹೊಂದಿಕೊಳ್ಳುವುದರಿಂದ ಸವೆತಕ್ಕಾಗಿ ಸರಿಪಡಿಸುವ ಅಗತ್ಯವಿಲ್ಲ. ಪೆಡಲಿನಲ್ಲಿ ಸವೆತದ ಸೂಚನೆಯೂ ದೊರೆಯದು. ಅಂತಹ ಗಾಡಿಯಲ್ಲಿ ಪೆಡಲು ಬಹಳ ದೂರ ವ್ಯರ್ಥವಾಗಿ ಹೋಗುತ್ತಿದ್ದರೆ ಪೆಡಲಿಗೂ ಸಿಲಿಂಡರಿಗೂ ಕೊಂಡಿಯಾದ ಕೀಲುಮೊಳೆ ಸವೆದಿದೆಯೇ, ದ್ರವ ಸೋರಿದೆಯೇ, ಕೊಳವೆಯಲ್ಲಿ ಗಾಳಿ ಸೇರಿದೆಯೇ ಎಂದು ನೋಡಬೇಕು. ಅದರ ಬಿಡುಗಡೆಯ ಬೇರಿಂಗು ಗುಂಡುಗಳದ್ದಲ್ಲ, ಗ್ರಾಫೈಟಿನ ಒಂದು ಬಳೆ. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರ ಕೈಯಲ್ಲಿ ಈ ಬಳೆ ಸೀಮೆಸುಣ್ಣದಂತೆ ಸವೆದುಹೋಗುತ್ತದೆ.

ಕಾಲಿಟ್ಟುಕೊಂಡು ಓಡಿಸುವ ಈ ಅಭ್ಯಾಸ ಯಾವ ಗಾಡಿಗೂ ಒಳ್ಳೆಯದಲ್ಲ. ನೀವು ಎಷ್ಟೇ ನಿಖರವಾಗಿ ಅರ್ಧ ಅಂಗುಲದ ಸಡಿಲವನ್ನು ಹೊಂದಿಸಿದರೂ, ಪೆಡಲಿನ ಮೇಲೆ ಒರಗಿದ ಕಾಲಿನ ಭಾರವೇ ಅದನ್ನು ನುಂಗಿಬಿಡುತ್ತದೆ. ಗೇರು ಬದಲಿಸಿದೊಡನೆ ಎಡಗಾಲನ್ನು ನೆಲಕ್ಕೆ ಇಳಿಸಿ. ಏರಿನಲ್ಲಿ ನಿಂತಾಗ ಕ್ಲಚ್ಚನ್ನು ಅರ್ಧ ಬಿಟ್ಟು ಗಾಡಿಯನ್ನು ತೂಗಿಸುವ ಚಮತ್ಕಾರವನ್ನು ತೋರಿಸದೆ ಹ್ಯಾಂಡ್‌ಬ್ರೇಕನ್ನು ಬಳಸಿ.

ಕೊನೆಯದಾಗಿ ಎರಡು ಎಚ್ಚರಿಕೆಗಳು. ಇವು ಗಾಡಿಯ ಸಲುವಾಗಿ ಅಲ್ಲ, ತಮ್ಮ ಸಲುವಾಗಿ. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ತಲೆಯಿಡಬೇಡಿ. ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ತಡೆ ಕೊಟ್ಟು, ಗಟ್ಟಿಯಾದ ಉಕ್ಕಿನ ಆಸರೆಗಳ ಮೇಲೆ ಗಾಡಿಯನ್ನು ಕೂಡಿಸಿದ ಬಳಿಕವೇ ಚಕ್ರ ತೆಗೆಯಿರಿ. ಎರಡನೆಯದು, ಹಳೆಯ ಗಾಡಿಗಳ ಕ್ಲಚ್ಚಿನ ಪದರಗಳಲ್ಲಿ ಆಸ್ಬೆಸ್ಟಾಸ್ ಇರುವುದುಂಟು. ಅದರ ಧೂಳನ್ನು ಉಸಿರಾಡಿದರೆ ವರ್ಷಾನಂತರ ಶ್ವಾಸಕೋಶದ ಭಯಂಕರ ರೋಗಗಳಿಗೆ ಕಾರಣವಾಗಬಹುದು. ಕ್ಲಚ್ಚನ್ನು ಬಿಚ್ಚಿದಾಗ ಧೂಳನ್ನು ಊದಬಾರದು, ಗಾಳಿಯ ಪಂಪಿನಿಂದ ಹಾರಿಸಬಾರದು. ತೇವಮಾಡಿದ ಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಹಾಕಬೇಕು. ತಮ್ಮ ಗಾಡಿಯ ಕೆಲಸ ಮಾಡುವ ಹುಡುಗರಿಗೂ ಇದನ್ನು ತಿಳಿಯಹೇಳುವುದು ಒಡೆಯರ ಕರ್ತವ್ಯ.

ನಮ್ಮ ಉಪಾಧ್ಯಾಯರ ಬೀಟಲ್ ಈಗ ಹೊಸ ತಟ್ಟೆಯೊಡನೆ ಓಡುತ್ತಿದೆ. ಅದರ ಕೈಗೂಡಿನಲ್ಲಿ ಒಂದು ಸಣ್ಣ ನೋಟುಬುಕ್ಕೂ, ಶಾಲೆಯ ಕಾಲದ ಮರದ ಅಳತೆಪಟ್ಟಿಯೂ ಇವೆ. ಪ್ರತಿ ತಿಂಗಳ ಮೊದಲ ದಿನ ದಿನಾಂಕ, ಓಡಿದ ಕಿಲೋಮೀಟರು, ಪೆಡಲಿನ ಸಡಿಲ ಎಂದು ಮೂರು ಅಂಕಣಗಳಲ್ಲಿ ಬರೆದಿಡುತ್ತಾರೆ. ಕಳೆದ ಸಲ ನಾನು ನೋಡಿದಾಗ ಕೊನೆಯ ಸಾಲಿನಲ್ಲಿ 14 ಮಿಲಿಮೀಟರ್ ಎಂದಿತ್ತು. ಅದರ ಮುಂದೆ ಕೆಂಪು ಶಾಯಿಯಲ್ಲಿ ‘ಸರಿ’ ಎಂಬ ಗುರುತು ಹಾಕಿದ್ದರು. ಆ ತರುಣ ಮೆಕ್ಯಾನಿಕನನ್ನೂ ಕರೆಸಿ, ಬೈಯದೆ, ಬೇರಿಂಗು ಎಲ್ಲಿರುತ್ತದೆ, ಅಂತರವೇಕೆ ಬೇಕು ಎಂದು ಚಿತ್ರ ಬರೆದು ವಿವರಿಸಿದರಂತೆ. ಮರುವಾರ ದಸರಾ ರಜೆಯಲ್ಲಿ ಅವರು ಪತ್ನಿಯೊಡನೆ ಮತ್ತೆ ಮಡಿಕೇರಿಗೆ ಹೊರಟಾಗ, ಚಕ್ರದ ಕೆಳಗೆ ಕುಳಿತು ಕೊನೆಯ ಬಾರಿ ಅಳತೆ ನೋಡಿಕೊಟ್ಟವನು ಅವನೇ.